ಹಾಯಿದೋಣಿಯಲ್ಲಿ ಟಾಯ್ಲೆಟ್: ಪೈಪ್ ಹಾಕಿಸಬೇಕೋ, ಪೆಟ್ಟಿಗೆ ಇಡಬೇಕೋ?

ಟಾಯ್ಲೆಟ್ ಅನ್ನೋ ಮಾತು ಬಂದ ಕೂಡಲೇ ತರಗತಿಯಲ್ಲಿ ಕಿಸಕ್ಕನೆ ನಗು ಹುಟ್ಟುತ್ತದೆ. ನಕ್ಕು ಮುಗಿಸಿ ಮಕ್ಕಳೇ, ಆಮೇಲೆ ಒಂದು ಪ್ರಶ್ನೆ ಯೋಚಿಸಿ. ಮನೆಯಲ್ಲಿ ಫ್ಲಶ್ ಒತ್ತಿದ ಮೇಲೆ ಅದೆಲ್ಲ ಎಲ್ಲಿಗೆ ಹೋಗುತ್ತೆ? "ಪೈಪಿನಲ್ಲಿ ಹೋಗುತ್ತೆ ಸರ್" ಅಂತೀರಿ. ಪೈಪಿನಿಂದ ಎಲ್ಲಿಗೆ? "ಗುಂಡಿಗೆ." ಗುಂಡಿ ಎಲ್ಲಿದೆ? ನೆಲದೊಳಗೆ. ಸರಿ, ಹಾಗಾದ್ರೆ ಸುತ್ತಲೂ ನೀರೇ ಇರುವ, ನೆಲವೇ ಇಲ್ಲದ ಒಂದು ದೋಣಿಯಲ್ಲಿ?

ಹಾಯಿದೋಣಿ ಎಂದರೆ ಬಟ್ಟೆಯ ಹಾಯಿ ಕಟ್ಟಿ ಗಾಳಿಯ ಬಲದಿಂದ ಸಾಗುವ ದೋಣಿ. ಅದು ನಮಗೆ ತೀರಾ ದೂರದ ಸಂಗತಿಯೇನೂ ಅಲ್ಲ. ಗೋವಾದಲ್ಲೇ ಕಟ್ಟಿದ 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್‌ನಲ್ಲಿ ಹೊರಟು, ಭೂಮಿಯನ್ನೇ ಸುತ್ತಿ, 2018ರ ಮೇ ತಿಂಗಳಲ್ಲಿ ಗೋವಾಕ್ಕೆ ಮರಳಿದರು. ಆದರೆ ರಜೆಯಲ್ಲಿ ಮನೆಮಂದಿ ಎಲ್ಲ ಸೇರಿ ಸಣ್ಣ ಹಾಯಿದೋಣಿಯಲ್ಲಿ ಎರಡು ದಿನ ನೀರಿನ ಮೇಲೆ ಕಳೆಯುವ ರೂಢಿ ಹೆಚ್ಚಾಗಿ ಇರೋದು ಅಮೆರಿಕ, ಯುರೋಪಿನ ಕರಾವಳಿಗಳಲ್ಲಿ. ಅಲ್ಲಿ ದೋಣಿ ಕೊಳ್ಳುವವರು ಹಾಯಿ, ಎಂಜಿನ್ ಬಗ್ಗೆ ಎಷ್ಟು ತಲೆ ಕೆಡಿಸಿಕೊಳ್ಳುತ್ತಾರೋ ಅಷ್ಟೇ ಈ ಒಂದು ವಿಷಯಕ್ಕೂ ತಲೆ ಕೆಡಿಸಿಕೊಳ್ಳುತ್ತಾರೆ: ಟಾಯ್ಲೆಟ್ ಯಾವುದು ಇಡೋದು?

ದಾರಿ ಎರಡು. ಒಂದು, ಪೈಪು, ಪಂಪು, ವಾಲ್ವು ಹಾಕಿ ದೋಣಿಗೇ ಜೋಡಿಸಿದ ಟಾಯ್ಲೆಟ್. ಇನ್ನೊಂದು, ಸೂಟ್‌ಕೇಸಿನ ಹಾಗೆ ಎತ್ತಿಕೊಂಡು ಹೋಗಬಹುದಾದ ಪ್ಲಾಸ್ಟಿಕ್ ಪೆಟ್ಟಿಗೆ ಟಾಯ್ಲೆಟ್. ಯಾವುದು ಒಳ್ಳೆಯದು? ಉತ್ತರಕ್ಕೆ ನಿಮ್ಮ 8, 9, 10ನೇ ತರಗತಿಯ ವಿಜ್ಞಾನವೇ ಸಾಕು. ಒತ್ತಡ, ಸೈಫನ್, ಆಮ್ಲ-ಪ್ರತ್ಯಾಮ್ಲ, ಬ್ಯಾಕ್ಟೀರಿಯ, ಎಲ್ಲವೂ ಇಲ್ಲಿ ಕೆಲಸ ಮಾಡುತ್ತವೆ.

ಹಳೆಯ ಕಾಲದಲ್ಲಿ ಹೇಗಿತ್ತು?

ಇಂಗ್ಲಿಷ್ ನಾವಿಕರು ಇವತ್ತಿಗೂ ದೋಣಿಯ ಟಾಯ್ಲೆಟ್‌ಗೆ 'ಹೆಡ್' ಅಂದ್ರೆ 'ತಲೆ' ಎನ್ನುತ್ತಾರೆ. ಹಳೆಯ ಹಾಯಿ ಹಡಗುಗಳಲ್ಲಿ ಸಾಮಾನ್ಯ ನಾವಿಕರ ಶೌಚದ ಜಾಗ ಹಡಗಿನ ತಲೆಯಲ್ಲಿ, ಅಂದರೆ ತೀರಾ ಮುಂಭಾಗದಲ್ಲಿ ಇರುತ್ತಿತ್ತು. ಯಾಕೆ ಮುಂದೆ? ಅಂಥ ಹಡಗು ಹೆಚ್ಚಾಗಿ ಹಿಂದಿನಿಂದ ಅಥವಾ ಪಕ್ಕದಿಂದ ಬೀಸುವ ಗಾಳಿಯಲ್ಲಿ ಸಾಗುತ್ತಿತ್ತು. ಹಾಗಾಗಿ ವಾಸನೆ ಹಡಗಿನ ಮೇಲೆ ಬರದೆ ಮುಂದಕ್ಕೆ ಹೋಗುತ್ತಿತ್ತು. ಅಲೆಗಳು ಅಪ್ಪಳಿಸಿ ಆ ಜಾಗವನ್ನು ತೊಳೆದೂ ಬಿಡುತ್ತಿದ್ದವು. ಎಲ್ಲವೂ ನೇರ ಸಮುದ್ರಕ್ಕೆ.

ನಮ್ಮ ರೈಲುಗಳಲ್ಲೂ ಮೊದಲು ಹೀಗೇ ಇತ್ತಲ್ವಾ? ಎಲ್ಲವೂ ಹಳಿಯ ಮೇಲೆ ಬೀಳುತ್ತಿತ್ತು. ಅದಕ್ಕೇ "ರೈಲು ನಿಂತಿರುವಾಗ ಬಳಸಬೇಡಿ" ಎಂದು ಬರೆದಿರುತ್ತಿದ್ದರು. ಈಗ ಬೋಗಿಯ ಕೆಳಗೆ ಬ್ಯಾಕ್ಟೀರಿಯ ಇರುವ ಜೈವಿಕ ಟಾಯ್ಲೆಟ್ ಟ್ಯಾಂಕ್‌ಗಳು ಬಂದಿವೆ. ದೋಣಿಗಳ ಕತೆಯೂ ಇದೇ ದಾರಿಯಲ್ಲಿ ನಡೆದಿದೆ.

ಮೊದಲನೆಯದು: ಪೈಪ್ ಜೋಡಿಸಿದ ಟಾಯ್ಲೆಟ್

ಮನೆಯಲ್ಲಿ ನೀರಿನ ಟ್ಯಾಂಕ್ ಮೇಲೆ, ಟಾಯ್ಲೆಟ್ ಮಧ್ಯೆ, ಗುಂಡಿ ಕೆಳಗೆ. ಗುರುತ್ವಾಕರ್ಷಣೆಯೇ ಎಲ್ಲ ಕೆಲಸ ಮಾಡಿಕೊಡುತ್ತೆ. ಸಣ್ಣ ಹಾಯಿದೋಣಿಯಲ್ಲಿ ಲೆಕ್ಕ ತಿರುವುಮುರುವು. ಟಾಯ್ಲೆಟ್ ಇರುವ ಕೋಣೆಯ ನೆಲ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿರುತ್ತೆ. ಎಷ್ಟೋ ದೋಣಿಗಳಲ್ಲಿ ಟಾಯ್ಲೆಟ್ ಬೇಸಿನ್ನಿನ ಅಂಚೂ ಹೊರಗಿನ ನೀರಿಗಿಂತ ಕೆಳಗೇ. ಅಂದ್ರೆ ಇಲ್ಲಿ ಗುರುತ್ವಾಕರ್ಷಣೆ ಕೊಳೆಯನ್ನು ಹೊರಗೆ ಒಯ್ಯುವುದಿಲ್ಲ, ಸಮುದ್ರವನ್ನೇ ಒಳಗೆ ತರಲು ನೋಡುತ್ತೆ.

ಹಾಗಾಗಿ ಇಲ್ಲಿ ಕೈಪಂಪು ಬೇಕು. ಹಿಡಿಕೆಯನ್ನು ಮೇಲೆ ಕೆಳಗೆ ಆಡಿಸಿದರೆ ಒಳಗಿನ ಪಿಸ್ಟನ್ ಎರಡು ಕೆಲಸ ಮಾಡುತ್ತೆ. ದೋಣಿಯ ತಳದ ಒಂದು ತೂತಿನಿಂದ ಸಮುದ್ರದ ನೀರನ್ನು ಎಳೆದು ಬೇಸಿನ್ನಿಗೆ ಬಿಡುತ್ತೆ. ಬೇಸಿನ್ನಿನಲ್ಲಿ ಇದ್ದದ್ದನ್ನು ಇನ್ನೊಂದು ಪೈಪಿಗೆ ತಳ್ಳುತ್ತೆ. ತಳ್ಳಿದ್ದು ಮತ್ತೆ ಹಿಂದಕ್ಕೆ ಬಾರದಂತೆ ರಬ್ಬರಿನ ಒಂದು ಏಕಮುಖ ವಾಲ್ವ್ ಇರುತ್ತೆ. ಮುಚ್ಚಿದ ತುಟಿಯ ಹಾಗಿರುವ ಸಣ್ಣ ಸೀಳು ಅದು. ಒಳಗಿನಿಂದ ತಳ್ಳಿದರೆ ತೆರೆಯುತ್ತೆ, ಹೊರಗಿನಿಂದ ಒತ್ತಿದರೆ ಮುಚ್ಚಿಕೊಳ್ಳುತ್ತೆ. ತೋಟದ ಬಾವಿಯ ಪಂಪ್‌ಸೆಟ್ಟಿಗೆ ಫುಟ್‌ವಾಲ್ವ್ ಹಾಕುತ್ತಾರಲ್ಲ, ಆ ಜಾತಿಯದೇ.

ಈ ಎರಡನೇ ಪೈಪು ಎಲ್ಲಿಗೆ ಹೋಗುತ್ತೆ? ಒಂದೋ ಇನ್ನೊಂದು ತೂತಿನ ಮೂಲಕ ಸಮುದ್ರಕ್ಕೆ, ಇಲ್ಲವೇ ದೋಣಿಯೊಳಗಿನ ಸಂಗ್ರಹ ಟ್ಯಾಂಕಿಗೆ. ಟ್ಯಾಂಕ್ ತುಂಬಿದ ಮೇಲೆ ದೋಣಿಯನ್ನು ಬಂದರಿಗೆ ತಂದು, ದಡದಲ್ಲಿರುವ ಯಂತ್ರದಿಂದ ಹೀರಿಸಿ ಖಾಲಿ ಮಾಡಿಸಬೇಕು. ನಮ್ಮೂರಿಗೆ ಸೆಪ್ಟಿಕ್ ಟ್ಯಾಂಕ್ ಹೀರೋ ಲಾರಿ ಬರುತ್ತೆ. ಅಲ್ಲಿ ಲಾರಿ ಬರೋದಿಲ್ಲ, ದೋಣಿಯೇ ಯಂತ್ರದ ಹತ್ತಿರ ಹೋಗುತ್ತೆ. ಇದಕ್ಕೆ ಪಂಪ್‌ಔಟ್ ಅಂತಾರೆ.

ಒಂದು ತೂತು ಎಷ್ಟು ನೀರು ತರುತ್ತೆ?

ದೋಣಿಯ ತಳಕ್ಕೆ ತೂತು! ಕೇಳಿದರೇ ಭಯ ಆಗುತ್ತಲ್ವಾ? ಆಗಲೇಬೇಕು. ಲೆಕ್ಕ ಹಾಕಿ ನೋಡೋಣ.

ಕೊಳೆ ಹೊರಹೋಗುವ ಪೈಪಿನ ಒಳವ್ಯಾಸ ಸಾಮಾನ್ಯವಾಗಿ 38 ಮಿಲಿಮೀಟರ್, ಅಂದ್ರೆ ಒಂದೂವರೆ ಇಂಚು. ಆ ಪೈಪು ಕಳಚಿಕೊಂಡು, ನೀರಿನ ಮಟ್ಟಕ್ಕಿಂತ 30 ಸೆಂಟಿಮೀಟರ್ ಕೆಳಗಿನ ತೂತು ತೆರೆದುಕೊಂಡಿತು ಅಂತ ಇಟ್ಟುಕೊಳ್ಳಿ.

ನೀರು ನುಗ್ಗುವ ವೇಗ = √(2 × 9.8 × 0.3) = ಸೆಕೆಂಡಿಗೆ ಸುಮಾರು 2.4 ಮೀಟರ್.
ತೂತಿನ ವಿಸ್ತೀರ್ಣ = ಸುಮಾರು 11.3 ಚದರ ಸೆಂಟಿಮೀಟರ್.
ಎರಡನ್ನೂ ಗುಣಿಸಿದರೆ ಸೆಕೆಂಡಿಗೆ ಸುಮಾರು 2.7 ಲೀಟರ್.

ತೂತಿನ ಅಂಚಿನಲ್ಲಿ ನೀರಿನ ಧಾರೆ ಕಿರಿದಾಗುವುದರಿಂದ ನಿಜವಾಗಿ ಬರೋದು ಇದರ 60 ಶೇಕಡಾದಷ್ಟು ಅಂತ ಹಿಡಿದರೂ ಸೆಕೆಂಡಿಗೆ 1.6 ಲೀಟರ್. ನಿಮಿಷಕ್ಕೆ ಹತ್ತಿರ ಹತ್ತಿರ 100 ಲೀಟರ್. 25 ಅಡಿಯ ಹಾಯಿದೋಣಿಯ ತೂಕ 2 ಟನ್ ಇದ್ದರೆ, ಇಪ್ಪತ್ತೇ ನಿಮಿಷದಲ್ಲಿ ಅದರ ತೂಕದಷ್ಟೇ ನೀರು ಒಳಗೆ ಬಂದಿರುತ್ತೆ. ಆರ್ಕಿಮಿಡೀಸ್ ತತ್ವ ನೆನಪು ಮಾಡಿಕೊಳ್ಳಿ. ಆ ದೋಣಿ ಉಳಿಯೋದು ಕಷ್ಟ.

ಇದಕ್ಕಾಗಿಯೇ ಪ್ರತಿ ತೂತಿಗೂ 'ಸೀಕಾಕ್' ಎಂಬ ಗಟ್ಟಿಯಾದ ಲೋಹದ ಅಥವಾ ಬಲಪಡಿಸಿದ ಪ್ಲಾಸ್ಟಿಕ್ಕಿನ ವಾಲ್ವ್ ಇರುತ್ತೆ. ಬಳಸಿ ಆದ ಮೇಲೆ ಅದನ್ನು ಮುಚ್ಚೋದು ನಾವಿಕರ ಮೊದಲ ನಿಯಮ. ಮನೆಯಲ್ಲಿ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡುವ ಹಾಗೆ.

ಕಣ್ಣಿಗೆ ಕಾಣದ ಕಳ್ಳ: ಸೈಫನ್

ತೂತು ಒಡೆಯದಿದ್ದರೂ, ಪೈಪು ಕಳಚದಿದ್ದರೂ ದೋಣಿ ಮುಳುಗಬಹುದು. ಅದು ಹೇಗೆ?

ಡ್ರಮ್ಮಿನಿಂದ ನೀರು ತೆಗೆಯಲು ಪೈಪಿನ ಒಂದು ತುದಿ ಡ್ರಮ್ಮಿನಲ್ಲಿ ಇಟ್ಟು, ಇನ್ನೊಂದು ತುದಿಯನ್ನು ಕೆಳಗಿನ ಬಕೆಟ್ಟಿಗೆ ಬಿಡುವುದನ್ನು ನೀವು ನೋಡಿದ್ದೀರಿ. ಒಮ್ಮೆ ಪೈಪು ನೀರಿನಿಂದ ತುಂಬಿದರೆ ಸಾಕು. ನೀರು ಡ್ರಮ್ಮಿನ ಅಂಚು ಹತ್ತಿ ಇಳಿದು ತಾನಾಗಿಯೇ ಹರಿಯುತ್ತಲೇ ಇರುತ್ತೆ. ಡ್ರಮ್ಮಿನ ನೀರಿನ ಮಟ್ಟ ಮೇಲೆ, ಪೈಪಿನ ತುದಿ ಕೆಳಗೆ ಇರುವವರೆಗೂ ಅದು ನಿಲ್ಲೋದಿಲ್ಲ. ಇದೇ ಸೈಫನ್.

ಈಗ ಡ್ರಮ್ಮಿನ ಜಾಗದಲ್ಲಿ ಸಮುದ್ರವನ್ನು ಇಡಿ. ಬಕೆಟ್ಟಿನ ಜಾಗದಲ್ಲಿ ಟಾಯ್ಲೆಟ್ ಬೇಸಿನ್. ಸಮುದ್ರದ ಮಟ್ಟ ಮೇಲೆ, ಬೇಸಿನ್ ಕೆಳಗೆ. ಪಂಪ್ ಮಾಡಿದಾಗ ಪೈಪು ನೀರಿನಿಂದ ತುಂಬಿದೆ. ಸೀಕಾಕ್ ಮುಚ್ಚೋದು ಮರೆತುಹೋಗಿದೆ, ರಬ್ಬರ್ ವಾಲ್ವ್ ಹಳತಾಗಿ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ. ರಾತ್ರಿ ಎಲ್ಲರೂ ಮಲಗಿದ್ದಾರೆ. ಬೇಸಿನ್ ಸದ್ದಿಲ್ಲದೆ ತುಂಬಿ, ಉಕ್ಕಿ, ನೀರು ನೆಲದ ಹಲಗೆಯ ಕೆಳಗೆ ಇಳಿಯುತ್ತೆ.

ಪರಿಹಾರ ಸುಲಭವಾಗಿದೆ. ಪೈಪನ್ನು ಹೊರಗಿನ ನೀರಿನ ಮಟ್ಟಕ್ಕಿಂತ ಚೆನ್ನಾಗಿ ಮೇಲಕ್ಕೆ ಒಯ್ದು, ತಲೆಕೆಳಗಾದ 'ಯು' ಆಕಾರದಲ್ಲಿ ಬಾಗಿಸಿ ಇಳಿಸುತ್ತಾರೆ. ಆ ಬಾಗಿನ ನೆತ್ತಿಯಲ್ಲಿ ಗಾಳಿ ಒಳಬರುವ ಒಂದು ಸಣ್ಣ ವಾಲ್ವ್ ಇಡುತ್ತಾರೆ. ಸೈಫನ್ ಹರಿಯುವಾಗ ನೆತ್ತಿಯಲ್ಲಿರುವ ನೀರಿನ ಒತ್ತಡ ವಾತಾವರಣದ ಒತ್ತಡಕ್ಕಿಂತ ಕಡಿಮೆ. ಆದ್ದರಿಂದ ಅಲ್ಲಿಂದ ನೀರು ಹೊರಚಿಮ್ಮುವುದಿಲ್ಲ, ಗಾಳಿಯೇ ಒಳನುಗ್ಗುತ್ತೆ. ಗಾಳಿ ನುಗ್ಗಿದರೆ ನೀರಿನ ಸರಪಳಿ ತುಂಡಾಗುತ್ತೆ, ಹರಿವು ನಿಲ್ಲುತ್ತೆ. ಆದರೆ ಸಮುದ್ರದ ನೀರಲ್ವಾ? ಆ ಪುಟ್ಟ ವಾಲ್ವಿನಲ್ಲಿ ಉಪ್ಪಿನ ಹರಳು ಕಟ್ಟಿಕೊಂಡು ಬಾಯಿ ಮುಚ್ಚಿಹೋಗಬಹುದು. ಆಗಾಗ ಬಿಚ್ಚಿ ತೊಳೆಯಲೇಬೇಕು.

*ಇದು ಗೊತ್ತಾ? ಎರಡನೇ ಮಹಾಯುದ್ಧದ ಕೊನೆಯಲ್ಲಿ, 1945ರ ಏಪ್ರಿಲ್ 14ರಂದು, ಜರ್ಮನಿಯ ಯು-1206 ಎಂಬ ಜಲಾಂತರ್ಗಾಮಿ ಸ್ಕಾಟ್ಲೆಂಡಿನ ಕರಾವಳಿಯ ಬಳಿ ಮುಳುಗಿತು. ಅದರ ಕಮಾಂಡರ್ ಕೊಟ್ಟ ವರದಿಯ ಪ್ರಕಾರ, ಟಾಯ್ಲೆಟ್ ವ್ಯವಸ್ಥೆ ಕೆಟ್ಟು ಸಮುದ್ರದ ನೀರು ಒಳನುಗ್ಗಿತ್ತು. ಉಪ್ಪುನೀರು ಬ್ಯಾಟರಿಗಳನ್ನು ತಲುಪಿ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟಿತು. ಮೇಲೆ ಬರದೆ ಬೇರೆ ದಾರಿ ಇರಲಿಲ್ಲ, ಮೇಲೆ ಬಂದಾಗ ಶತ್ರು ವಿಮಾನದ ಕಣ್ಣಿಗೆ ಬಿತ್ತು. ನಾಲ್ವರು ಸತ್ತರು. 60 ಮೀಟರ್ ಆಳದಲ್ಲಿ ನೀರಿನ ಒತ್ತಡ ಎಷ್ಟಿರುತ್ತೆ ಅಂತ ನೀವೇ ಲೆಕ್ಕ ಹಾಕಿ.*

ಎರಡನೆಯದು: ಪೆಟ್ಟಿಗೆ ಟಾಯ್ಲೆಟ್

ಇದರಲ್ಲಿ ಎರಡು ಪ್ಲಾಸ್ಟಿಕ್ ಪೆಟ್ಟಿಗೆ, ಒಂದರ ಮೇಲೊಂದು. ಮೇಲಿನದರಲ್ಲಿ ಕೂರುವ ಸೀಟು ಮತ್ತು ಫ್ಲಶ್ ಮಾಡಲು ಒಳ್ಳೆಯ ನೀರು. ಕೆಳಗಿನದರಲ್ಲಿ ಕೊಳೆ. ನಡುವೆ ರಬ್ಬರ್ ಅಂಚಿನ ಜಾರುಬಾಗಿಲು. ಬಾಗಿಲು ಎಳೆದರೆ ಬೀಳುತ್ತೆ, ತಳ್ಳಿದರೆ ಮುಚ್ಚುತ್ತೆ. ಕೆಳಗಿನ ಪೆಟ್ಟಿಗೆಯಲ್ಲಿ ಹೆಚ್ಚಾಗಿ 10ರಿಂದ 20 ಲೀಟರ್ ಹಿಡಿಸುತ್ತೆ. ತುಂಬಿದ ಮೇಲೆ ಕೊಂಡಿ ಬಿಚ್ಚಿ, ಕೈಯಲ್ಲಿ ಹಿಡಿದುಕೊಂಡು ಹೋಗಿ, ದಡದಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಸುರಿದು ತೊಳೆಯಬೇಕು.

ಲಾಭ ಏನು? ದೋಣಿಯ ತಳಕ್ಕೆ ತೂತೇ ಬೇಡ. ಸೈಫನ್ ಭಯ ಇಲ್ಲ. ಸೀಕಾಕ್ ಮುಚ್ಚಿದೆನೋ ಇಲ್ಲವೋ ಎಂದು ನಡುರಾತ್ರಿ ಏಳಬೇಕಿಲ್ಲ. ಬೆಲೆಯೂ ಹಲವು ಪಟ್ಟು ಕಡಿಮೆ. ಕೆಟ್ಟುಹೋಗುವ ಭಾಗಗಳೂ ಕಡಿಮೆ.

ಕಷ್ಟ ಏನು? ತೂಕ. 20 ಲೀಟರ್ ಅಂದ್ರೆ 20 ಕಿಲೋಗ್ರಾಂಗಿಂತ ಹೆಚ್ಚು. ಅಲುಗಾಡುವ ದೋಣಿಯಿಂದ ದಡದ ಕಟ್ಟೆಗೆ ಅದನ್ನು ಎತ್ತಿ ಕೊಡಬೇಕು. ಹಾಯಿದೋಣಿ ಗಾಳಿಗೆ ಒಂದು ಕಡೆಗೆ 15-20 ಡಿಗ್ರಿ ವಾಲಿಕೊಂಡೇ ಸಾಗುತ್ತೆ. ಪೆಟ್ಟಿಗೆಯನ್ನು ಪಟ್ಟಿಯಿಂದ ಬಿಗಿಯಾಗಿ ಕಟ್ಟದಿದ್ದರೆ ಏನಾಗುತ್ತೆ ಎಂದು ಬರೆಯುವ ಅಗತ್ಯ ಇಲ್ಲ! ಬಿಸಿಲಲ್ಲಿ ಒಳಗಿನ ಅನಿಲ ಹಿಗ್ಗುತ್ತೆ, ಹಾಗಾಗಿ ಬಾಗಿಲು ಎಳೆಯುವ ಮುಂಚೆ ಒತ್ತಡ ಬಿಡುವ ಗುಂಡಿಯನ್ನು ಒತ್ತಬೇಕು.

ವಾಸನೆ ಬಾರದಿರಲು ಕೆಳಗಿನ ಪೆಟ್ಟಿಗೆಗೆ ಒಂದು ದ್ರವ ಹಾಕುತ್ತಾರೆ. ಇದರಲ್ಲಿ ಹಿಂದೆ ಫಾರ್ಮಾಲ್ಡಿಹೈಡ್ ಸಾಮಾನ್ಯವಾಗಿತ್ತು. ಅದು ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತೆ. ಹಾಗಾಗಿ ಆ ಪೆಟ್ಟಿಗೆಯನ್ನು ಸೆಪ್ಟಿಕ್ ಟ್ಯಾಂಕಿಗೆ ಸುರಿದರೆ, ಕೊಳೆಯನ್ನು ಒಡೆಯುತ್ತಿದ್ದ ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಗಳೂ ಸಾಯುತ್ತವೆ. ಅದಕ್ಕಾಗಿ ಈಗ ಫಾರ್ಮಾಲ್ಡಿಹೈಡ್ ಇಲ್ಲದ, ಕಿಣ್ವ ಮತ್ತು ಬ್ಯಾಕ್ಟೀರಿಯ ಬಳಸುವ ದ್ರವಗಳೂ ಬಂದಿವೆ.

ಯಾವುದು ಬೇಗ ತುಂಬುತ್ತೆ? ಲೆಕ್ಕ ನೋಡಿ

ದೊಡ್ಡ ಟ್ಯಾಂಕ್ ಇದ್ದರೆ ಹೆಚ್ಚು ದಿನ ಬರುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಇರುವ ದೋಣಿ ಎಂದಿಟ್ಟುಕೊಂಡು ಲೆಕ್ಕ ಹಾಕೋಣ.

ಒಬ್ಬರಿಗೆ ದಿನಕ್ಕೆ ಮೂತ್ರ, ಮಲ ಸೇರಿ ಸುಮಾರು 1.7 ಲೀಟರ್. ದಿನಕ್ಕೆ 6 ಸಲ ಟಾಯ್ಲೆಟ್ ಬಳಸುತ್ತಾರೆ ಎಂದಿಟ್ಟುಕೊಳ್ಳಿ.

ಪೆಟ್ಟಿಗೆ ಟಾಯ್ಲೆಟ್: ಒಂದು ಫ್ಲಶ್‌ಗೆ 0.3 ಲೀಟರ್ ನೀರು. 6 × 0.3 = 1.8. ಅದಕ್ಕೆ 1.7 ಕೂಡಿಸಿದರೆ 3.5 ಲೀಟರ್. ನಾಲ್ವರಿಗೆ 14 ಲೀಟರ್. 20 ಲೀಟರ್ ಪೆಟ್ಟಿಗೆ ಸುಮಾರು ಒಂದೂವರೆ ದಿನಕ್ಕೆ ಭರ್ತಿ.

ಪೈಪಿನ ಟಾಯ್ಲೆಟ್: ಉದ್ದದ ಪೈಪನ್ನು ದಾಟಿಸಬೇಕಾದ್ದರಿಂದ ಜನ ಹೆಚ್ಚು ಪಂಪ್ ಮಾಡುತ್ತಾರೆ. ಒಂದು ಸಲಕ್ಕೆ 2 ಲೀಟರ್ ಹಿಡಿಯಿರಿ. 6 × 2 = 12. ಅದಕ್ಕೆ 1.7 ಕೂಡಿಸಿದರೆ 13.7 ಲೀಟರ್. ನಾಲ್ವರಿಗೆ ಸುಮಾರು 55 ಲೀಟರ್. 60 ಲೀಟರಿನ ಟ್ಯಾಂಕ್ ಒಂದೇ ದಿನಕ್ಕೆ ಭರ್ತಿ!

ನೋಡಿದ್ರಾ? ಮೂರು ಪಟ್ಟು ದೊಡ್ಡ ಟ್ಯಾಂಕ್ ಬಂದದ್ದು ಪೆಟ್ಟಿಗೆಗಿಂತ ಕಡಿಮೆ ಹೊತ್ತು. ಟ್ಯಾಂಕನ್ನು ತುಂಬಿಸೋದು ನಮ್ಮ ಕೊಳೆಗಿಂತ ಹೆಚ್ಚಾಗಿ ಫ್ಲಶ್ ನೀರು. ಅದೇ ಕುಟುಂಬ ಒಂದು ಸಲಕ್ಕೆ ಅರ್ಧ ಲೀಟರ್‌ಗೆ ಇಳಿಸಿದರೆ ಅದೇ ಟ್ಯಾಂಕ್ ಮೂರು ದಿನ ಬರುತ್ತೆ. ಹೀಗಾಗಿ ಟ್ಯಾಂಕಿನ ಅಳತೆ ಮಾತ್ರ ಕೇಳಿದರೆ ಸಾಲದು, ಒಂದು ಫ್ಲಶ್‌ಗೆ ಎಷ್ಟು ನೀರು ಅನ್ನೋದನ್ನೂ ಕೇಳಬೇಕು.

ವಾಸನೆ ಎಲ್ಲಿಂದ ಬರುತ್ತೆ?

ದೋಣಿಯ ಟಾಯ್ಲೆಟ್ ನಾರುತ್ತೆ ಅಂದ್ರೆ ತಪ್ಪು ನಮ್ಮದೇ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ತಪ್ಪು ಸಮುದ್ರದ ನೀರಿನದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತೆ, ಜೊತೆಗೆ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ಜೀವಿಗಳು. ಫ್ಲಶ್ ಪೈಪಿನಲ್ಲಿ ವಾರಗಟ್ಟಲೆ ನಿಂತ ನೀರಿನಲ್ಲಿ ಆ ಜೀವಿಗಳು ಸತ್ತು ಕೊಳೆಯುತ್ತವೆ, ಆಮ್ಲಜನಕ ಮುಗಿದುಹೋಗುತ್ತೆ. ಆಗ ಆಮ್ಲಜನಕ ಬೇಡದ ಬ್ಯಾಕ್ಟೀರಿಯಗಳು ಸಲ್ಫೇಟನ್ನು ಬಳಸಿಕೊಂಡು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ! ದೋಣಿ ಬಿಟ್ಟು ಹೋಗುವಾಗ ಪೈಪಿಗೆ ಒಂದಿಷ್ಟು ಸಿಹಿನೀರು ಹರಿಸಿ ಹೋದರೆ ಈ ತೊಂದರೆ ಬಹಳ ಕಡಿಮೆಯಾಗುತ್ತೆ.

ಟ್ಯಾಂಕಿಗೆ ದೊಡ್ಡ ಗಾಳಿಕೊಳವೆ ಇಡೋದು ಇನ್ನೊಂದು ಉಪಾಯ. ಗಾಳಿ ಆಡಿದರೆ ಆಮ್ಲಜನಕ ಬೇಕಾದ ಬ್ಯಾಕ್ಟೀರಿಯಗಳು ಬೆಳೆಯುತ್ತವೆ. ಅವು ಬಿಡೋದು ಮುಖ್ಯವಾಗಿ ವಾಸನೆಯಿಲ್ಲದ ಇಂಗಾಲದ ಡೈಆಕ್ಸೈಡ್. ಪೈಪು ಹಳತಾದರೆ ವಾಸನೆಯ ಅಣುಗಳು ಅದರ ಗೋಡೆಯ ಮೂಲಕವೇ ಹೊರಗೆ ಬರುತ್ತವೆ. ಪತ್ತೆ ಮಾಡಲು ನಾವಿಕರು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪೈಪಿಗೆ ಸುತ್ತುತ್ತಾರೆ. ತಣ್ಣಗಾದ ಮೇಲೆ ಬಟ್ಟೆ ಮೂಸುತ್ತಾರೆ. ಬಟ್ಟೆ ನಾತ ಹೊಡೆದರೆ ಪೈಪ್ ಬದಲಾಯಿಸುವ ಹೊತ್ತಾಯಿತು.

ಈ ಹೈಡ್ರೋಜನ್ ಸಲ್ಫೈಡ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಸ್ವಲ್ಪ ಇದ್ದಾಗ ಅದು ನಾರುತ್ತೆ. ತುಂಬ ಇದ್ದಾಗ ಮೂಗಿನ ಗ್ರಹಣಶಕ್ತಿಯನ್ನೇ ಮಂಕು ಮಾಡುತ್ತೆ, ವಾಸನೆ ಹೋಯಿತು ಅನ್ನಿಸುತ್ತೆ. ಆಗಲೇ ಅದು ಅತಿ ಅಪಾಯಕಾರಿ. ನಮ್ಮಲ್ಲಿ ಸೆಪ್ಟಿಕ್ ಟ್ಯಾಂಕ್, ಮ್ಯಾನ್‌ಹೋಲಿಗೆ ಇಳಿದವರು ಸಾಯುವ ಸುದ್ದಿ ಓದುತ್ತೀರಲ್ಲ, ಅದಕ್ಕೆ ಕಾರಣ ಇಂಥ ಅನಿಲಗಳು ಮತ್ತು ಆಮ್ಲಜನಕದ ಕೊರತೆ. ಮನುಷ್ಯರ ಕೈಯಲ್ಲಿ ಮಲ ಬಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಗುಂಡಿಗೆ ಯಾರನ್ನೂ ಇಳಿಸಬಾರದು, ನೀವೂ ಇಳಿಯಬಾರದು. ಪೆಟ್ಟಿಗೆ ಟಾಯ್ಲೆಟ್ ಇಟ್ಟುಕೊಂಡವರು ತಮ್ಮ ಕೊಳೆಯನ್ನು ತಾವೇ ಹೊತ್ತು, ತಾವೇ ತೊಳೆಯುತ್ತಾರೆ ಅನ್ನೋದನ್ನೂ ಇಲ್ಲಿ ಗಮನಿಸಿ.

ಪೈಪಿನೊಳಗೆ ಕಲ್ಲು

ಪೈಪಿನ ಟಾಯ್ಲೆಟ್‌ಗೆ ಇನ್ನೊಂದು ಕಾಯಿಲೆ ಇದೆ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಗಳು ಅಮೋನಿಯಾ ಆಗಿ ಒಡೆಯುತ್ತವೆ. ಅಮೋನಿಯಾ ಪ್ರತ್ಯಾಮ್ಲ, ಆದ್ದರಿಂದ ಪಿಎಚ್ ಏರುತ್ತೆ. ಸಮುದ್ರದ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಆಗ ಕಾರ್ಬೊನೇಟ್, ಫಾಸ್ಫೇಟ್ ರೂಪದಲ್ಲಿ ಕರಗದ ಪ್ರಕ್ಷೇಪವಾಗಿ ಪೈಪಿನ ಗೋಡೆಗೆ ಅಂಟುತ್ತವೆ. ವರ್ಷಗಳು ಕಳೆದಂತೆ ಒಂದೂವರೆ ಇಂಚಿನ ಪೈಪು ಬೆರಳು ಹೋಗುವಷ್ಟೇ ಉಳಿಯಬಹುದು. ಪರಿಹಾರ ನಿಮ್ಮ ಪಾಠದಲ್ಲೇ ಇದೆ: ಆಮ್ಲ. ಆಗಾಗ ವಿನೆಗರ್‌ನಂಥ ದುರ್ಬಲ ಆಮ್ಲ ಹಾಕಿ ಬಿಟ್ಟರೆ ಹೊಸ ಪದರ ಕರಗುತ್ತೆ. ಕಾರ್ಬೊನೇಟ್ ಇದ್ದಲ್ಲಿ ಗುಳ್ಳೆ ಬರುತ್ತೆ.

ಎಚ್ಚರ: ಆಮ್ಲ ಹಾಕಿದ ಟಾಯ್ಲೆಟ್‌ಗೆ ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರವ ಹಾಕಲೇಬಾರದು. ಕ್ಲೋರಿನ್ ಅನಿಲ ಬರುತ್ತೆ. ಮನೆಯ ಟಾಯ್ಲೆಟ್‌ಗೂ ಇದೇ ನಿಯಮ.

ಸಮುದ್ರ ಅಷ್ಟು ದೊಡ್ಡದು, ಸುರಿದರೆ ಏನಾಯಿತು?

ಇದು ಎಲ್ಲರೂ ಕೇಳುವ ಪ್ರಶ್ನೆ. ನಿಜವಾದ ಒಂದು ಜಾಗ ತೆಗೆದುಕೊಳ್ಳೋಣ. ಅಮೆರಿಕದ ವಾಯವ್ಯ ಮೂಲೆಯಲ್ಲಿ, ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ನಗರದ ಪಕ್ಕ 'ಪ್ಯೂಜೆಟ್ ಸೌಂಡ್' ಎಂಬ ಒಳಸಮುದ್ರ ಇದೆ. ದ್ವೀಪಗಳು, ಕೊಲ್ಲಿಗಳು, ಸಾವಿರಾರು ದೋಣಿಗಳು. ಜೊತೆಗೆ ಸಿಂಪಿ, ಮರುವಾಯಿಯಂಥ ಚಿಪ್ಪುಜೀವಿಗಳನ್ನು ಬೆಳೆಸಿ ಹಿಡಿಯುವ ದೊಡ್ಡ ಕಸುಬು.

ಚಿಪ್ಪುಜೀವಿಗಳು ನೀರನ್ನು ಸೋಸಿ ಆಹಾರ ಹುಡುಕುತ್ತವೆ. ಒಂದೊಂದೂ ದಿನಕ್ಕೆ ಹತ್ತಾರು ಲೀಟರ್ ಸೋಸಬಲ್ಲದು. ನೀರಿನಲ್ಲಿ ರೋಗಾಣು ಇದ್ದರೆ ಅವುಗಳ ದೇಹದಲ್ಲಿ ಒಟ್ಟುಗೂಡುತ್ತೆ. ಹಸಿಯಾಗಿಯೋ ಅರೆಬೆಂದೋ ತಿಂದವರಿಗೆ ವಾಂತಿ, ಭೇದಿ. ಕಾಸರಗೋಡಿನ ಹಿನ್ನೀರಿನಲ್ಲಿ ಕಲ್ಲುಮ್ಮಕ್ಕಾಯಿ ಬೆಳೆಸುವುದನ್ನು ನೋಡಿದ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತೆ.

ಅಮೆರಿಕದಲ್ಲಿ ಚಿಪ್ಪುಜೀವಿ ಹಿಡಿಯುವ ನೀರಿಗೆ ಒಂದು ಮಿತಿ ಇದೆ. 100 ಮಿಲಿಲೀಟರ್ ನೀರಿನಲ್ಲಿ ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯ ಮಧ್ಯಮ ಬೆಲೆಯಲ್ಲಿ 14ನ್ನು ಮೀರಬಾರದು. ಒಬ್ಬ ಮನುಷ್ಯನ ಒಂದು ದಿನದ ಮಲದಲ್ಲಿ ಇವು ಸುಮಾರು 200 ಕೋಟಿ. ಭಾಗಿಸಿ ನೋಡಿ: ಒಬ್ಬರ ಒಂದು ದಿನದ ಮಲ ಸುಮಾರು 1.4 ಕೋಟಿ ಲೀಟರ್ ಶುದ್ಧ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು. ಐದಾರು ಒಲಿಂಪಿಕ್ ಈಜುಕೊಳಗಳಷ್ಟು ನೀರು! ತೆರೆದ ಸಾಗರದಲ್ಲಿ ಅಲೆ, ಬಿಸಿಲು, ಉಪ್ಪು ಸೇರಿ ಇದನ್ನು ಚದುರಿಸಿ ಕೊಲ್ಲುತ್ತವೆ. ಆದರೆ ನೂರು ದೋಣಿ ಲಂಗರು ಹಾಕಿದ ಒಂದು ಸಣ್ಣ ಕೊಲ್ಲಿಯಲ್ಲಿ ಅಷ್ಟು ನೀರೂ ಇಲ್ಲ, ಅಷ್ಟು ಹೊತ್ತೂ ಇಲ್ಲ.

ಅದಕ್ಕೇ ಅಮೆರಿಕದಲ್ಲಿ ದಡದಿಂದ 3 ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್ ಒಳಗೆ ಸಂಸ್ಕರಿಸದ ಕೊಳೆಯನ್ನು ನೀರಿಗೆ ಬಿಡುವಂತಿಲ್ಲ. ಪ್ಯೂಜೆಟ್ ಸೌಂಡಿನಲ್ಲಿ 2018ರ ಮೇ ತಿಂಗಳಿಂದ ಸಂಸ್ಕರಿಸಿದ ಕೊಳೆಯನ್ನೂ ಬಿಡುವಂತಿಲ್ಲ. ಪೈಪಿನ ಟಾಯ್ಲೆಟ್ ಇರುವ ದೋಣಿಯವರು ಸಮುದ್ರದ ಕಡೆಗಿನ ವಾಲ್ವನ್ನು ಮುಚ್ಚಿ ಬೀಗ ಹಾಕಬೇಕು, ಇಲ್ಲವೇ ತೆರೆಯಲಾಗದಂತೆ ಪಟ್ಟಿ ಬಿಗಿಯಬೇಕು. ಪೆಟ್ಟಿಗೆಯವರು ದಡದಲ್ಲೇ ಸುರಿಯಬೇಕು. 'ನಮ್ಮದು ಒಂದೇ ದೋಣಿ' ಅನ್ನೋ ಮಾತು ಅಲ್ಲಿ ನಡೆಯೋದಿಲ್ಲ.

ಹಾಗಾದ್ರೆ ಯಾವುದು?

ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು.

1. ಎಷ್ಟು ಜನ, ಎಷ್ಟು ದಿನ?
2. ಖಾಲಿ ಮಾಡುವ ಜಾಗ ಎಷ್ಟು ದೂರ? ಅಲ್ಲಿ ಇರೋದು ಪಂಪ್‌ಔಟ್ ಯಂತ್ರವೋ, ಸುರಿಯುವ ಜಾಗವೋ?
3. ದೋಣಿಯ ತಳದ ತೂತುಗಳನ್ನೂ ವಾಲ್ವ್‌ಗಳನ್ನೂ ವರ್ಷವರ್ಷ ನೋಡಿಕೊಳ್ಳುವವರು ಯಾರು?
4. 20 ಕಿಲೋ ತೂಕವನ್ನು ಹೊತ್ತು ತೊಳೆಯುವವರು ಯಾರು?

ನಮ್ಮ ಲೆಕ್ಕದ ನಾಲ್ವರ ಕುಟುಂಬ ಪ್ಯೂಜೆಟ್ ಸೌಂಡಿನಲ್ಲಿ 25 ಅಡಿಯ ದೋಣಿಯಲ್ಲಿ ಶನಿವಾರ, ಭಾನುವಾರ ಮಾತ್ರ ಹೋಗುತ್ತೆ ಅನ್ನಿ. ಎರಡು ದಿನಕ್ಕೆ 28 ಲೀಟರ್, ಪೆಟ್ಟಿಗೆ ಹಿಡಿಯೋದು 20. ಆದರೆ ರಾತ್ರಿ ಬಂದರಿನಲ್ಲಿ ನಿಲ್ಲುತ್ತಾರೆ, ಬೆಳಿಗ್ಗೆ ದಡದ ಶೌಚಾಲಯ ಬಳಸುತ್ತಾರೆ. ಅವರಿಗೆ ಪೆಟ್ಟಿಗೆಯೇ ಸರಿ. ತೂತಿಲ್ಲ, ಖರ್ಚಿಲ್ಲ, ತೊಳೆದಿಟ್ಟರೆ ಮುಗಿಯಿತು.

ಅದೇ ಇಬ್ಬರು ಹಿರಿಯರು 35 ಅಡಿಯ ದೋಣಿಯಲ್ಲಿ ಹದಿನೈದು ದಿನ ದ್ವೀಪದಿಂದ ದ್ವೀಪಕ್ಕೆ ಸುತ್ತುತ್ತಾರೆ ಅನ್ನಿ. ಎರಡು ಮೂರು ದಿನಕ್ಕೊಮ್ಮೆ ಪೆಟ್ಟಿಗೆ ಹೊರೋದು ಅವರ ಬೆನ್ನಿಗೆ ಆಗದ ಮಾತು. ದೊಡ್ಡ ಟ್ಯಾಂಕಿನ ಪೈಪಿನ ಟಾಯ್ಲೆಟ್ ಅವರಿಗೆ ಬೇಕು. ಜೊತೆಗೆ ಸೀಕಾಕ್ ಮುಚ್ಚುವ ಶಿಸ್ತು, ರಬ್ಬರ್ ವಾಲ್ವ್ ಬದಲಿಸುವ ತಾಳ್ಮೆಯೂ ಬೇಕು.

ನಡುವಿನ ದಾರಿಯೂ ಇದೆ. ಪೆಟ್ಟಿಗೆಯನ್ನೇ ದೋಣಿಗೆ ಭದ್ರವಾಗಿ ಕೂರಿಸಿ, ಮೇಲಿನಿಂದ ಪಂಪ್‌ಔಟ್ ಯಂತ್ರದಿಂದ ಹೀರಿಸುವ ಹಾಗೆ ಒಂದು ಪೈಪು ಕೊಡೋದು. ಹೊರುವ ಕೆಲಸ ತಪ್ಪಿತು, ತಳಕ್ಕೆ ತೂತೂ ಇಲ್ಲ.

ಯಾವುದನ್ನೇ ಆರಿಸಿದರೂ ಕೊಳೆ ಮಾಯವಾಗೋದಿಲ್ಲ. ಯಾರೋ ಒಬ್ಬರು ಅದನ್ನು ಸರಿಯಾದ ಜಾಗಕ್ಕೆ ತಲುಪಿಸಲೇಬೇಕು. ದೋಣಿ ಸಣ್ಣದಾದ್ದರಿಂದ ಅಲ್ಲಿ ಅದು ಕಣ್ಣಿಗೆ ಕಾಣುತ್ತೆ. ನಮ್ಮ ಮನೆಯಲ್ಲಿ ಮಣ್ಣು ಮುಚ್ಚಿರುವುದರಿಂದ ಕಾಣೋದಿಲ್ಲ, ಅಷ್ಟೇ ವ್ಯತ್ಯಾಸ.

ಮಾಡಿ ನೋಡಿ

ಬೇಕಾದವು: ಎರಡು ಬಕೆಟ್, ಎರಡು ತುಂಡು ಸಣ್ಣ ಡ್ರಿಪ್ ಪೈಪು, ಅದಕ್ಕೆ ಹೊಂದುವ ಮೂರು ಬಾಯಿಯ ಒಂದು 'ಟೀ' ಜೋಡಣೆ. ಟೀಯಿಂದ ಎರಡು ಪೈಪುಗಳನ್ನು ಸೇರಿಸಿ, ಮೂರನೇ ಬಾಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ. ಪೈಪನ್ನು ನೀರಿನಲ್ಲಿ ಮುಳುಗಿಸಿ ಪೂರ್ತಿ ತುಂಬಿ. ಒಂದು ಬಕೆಟ್ಟನ್ನು ಸ್ಟೂಲ್ ಮೇಲೆ, ಇನ್ನೊಂದನ್ನು ನೆಲದ ಮೇಲೆ ಇಟ್ಟು, ಟೀ ಎಲ್ಲಕ್ಕಿಂತ ಮೇಲೆ ಬರುವ ಹಾಗೆ ಸೈಫನ್ ಶುರುಮಾಡಿ. ಈಗ ಬೆರಳು ತೆಗೆಯಿರಿ. ನೀರು ಟೀಯಿಂದ ಹೊರಗೆ ಚೆಲ್ಲಿತೇ, ಗಾಳಿ ಒಳಗೆ ಹೋಯಿತೇ? ಹರಿವು ಏನಾಯಿತು? (ಸೈಫನ್ ಶುರುಮಾಡಲು ಬಾಯಿಯಿಂದ ಎಳೆಯಬೇಡಿ. ಡೀಸೆಲ್, ಸೀಮೆಎಣ್ಣೆಯನ್ನಂತೂ ಎಂದಿಗೂ ಬೇಡ.)

ಉತ್ತರ ಹುಡುಕಿ

1. ತೂತಿನ ವ್ಯಾಸ 38ರ ಬದಲು 19 ಮಿಲಿಮೀಟರ್ ಆದರೆ ನಿಮಿಷಕ್ಕೆ ಎಷ್ಟು ಲೀಟರ್ ನೀರು ಬರುತ್ತೆ? ಅರ್ಧವೇ, ಕಾಲು ಭಾಗವೇ?
2. ನಿಮ್ಮ ಮನೆಯ ಅಥವಾ ಶಾಲೆಯ ಟಾಯ್ಲೆಟ್‌ನಲ್ಲಿ ಒಂದು ಸಲಕ್ಕೆ ಎಷ್ಟು ಲೀಟರ್ ನೀರು ಹೋಗುತ್ತೆ? ಅಳೆದು ನೋಡಿ.
3. ಅದರ ಗುಂಡಿ ಎಲ್ಲಿದೆ? ಹತ್ತಿರದ ಬಾವಿ ಅಥವಾ ಬೋರ್‌ವೆಲ್ ಎಷ್ಟು ಹೆಜ್ಜೆ ದೂರ? ಕೊನೆಯ ಸಲ ಗುಂಡಿ ಖಾಲಿ ಮಾಡಿಸಿದ್ದು ಯಾವಾಗ, ಹೇಗೆ? ಮನೆಯ ಹಿರಿಯರನ್ನು ಕೇಳಿ ಬರೆದು ತನ್ನಿ.